ಗಂಜಿ ಸೀರೆಯ ಮೇಲಿನ ನೀಲಿ

ಒಣಹಾಕಿದ್ದ ಗಂಜಿ ಸೀರೆಯ ಮಗ್ಗುಲು ಬದಲಿಸುತ್ತಿದ್ದ ಮಹಾದೇವಿಯ ಕೈ ಅಲ್ಲೇ ನಿಂತಿತು. ಒದ್ದೆ ಬಿಳಿ ಸೆರಗಿನ ಮೇಲೆ ಐದು ನೀಲಿ ಬೆರಳು. ನಿದ್ದೆಗಣ್ಣಲ್ಲಿ ಯಾರೋ ಮೋಡ ಸರಿಸಿ ಹೋದ ಹಾಗೆ.

ಸೀರೆಯ ಹಿಂದೆಯೇ ಅವಳ ಬಾಡಿಗೆ ಕೋಣೆ. ಒಳಗೆ ಓಡಿದಳು. ಪೆಟ್ಟಿಗೆಯ ಬೀಗ ಮುರಿದಿತ್ತು.

"ಬಂಗಾರದ ಬೋರಮಾಳ ಸರ ಇಲ್ರೀ! ನಮ್ಮವ್ವ ಮದವೀಗಂತ ಕೊಟ್ಟಿದ್ದು!"

ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದಾಗ ಪಟ್ಟಂದೂರು ಅಗ್ರಹಾರದ ಆ ವಠಾರವೆಲ್ಲ ಕೊಡ ಹಿಡಿದು ಬೀದಿಯಲ್ಲಿತ್ತು. ಆಗಲೇ ಯಾರೋ ಒಳಹೊಕ್ಕಿದ್ದರು.

ಮನೆಯೊಡತಿ ಕೃಷ್ಣಮ್ಮ ಎದುರು ಕೋಣೆಯ ಯಮನೂರನನ್ನು ತೋರಿಸಿದರು. ಅವನು ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಅಂಗೈ ತುಂಬ ನೀಲಿ.

ಮಹಾದೇವಿ ಆ ಕೈಯನ್ನೂ ಸೀರೆಯನ್ನೂ ಮಾರಿ ಮಾರಿ ನೋಡಿದಳು. ಯಮನೂರನನ್ನೇ ಮದುವೆಯಾಗುತ್ತೇನೆಂದು, ಫೋನ್ ಎತ್ತದ ಅಪ್ಪನಿಗೆ ಅವಳು ಬರೆದ ಕಾಗದ ಅಂಚೆಗೆ ಬೀಳದೆ ದೀಪಾವಳಿಯಿಂದ ತಲೆದಿಂಬಿನ ಕೆಳಗೇ ಇತ್ತು.

*

ಎಸ್‌ಐ ವನಜಾ ಸೀರೆಯ ಮುಂದೆ ಬಹಳ ಹೊತ್ತು ನಿಂತರು. ಗಾಳಿಗೆ ಅದು ಮೆಲ್ಲಗೆ ಉಸಿರಾಡುತ್ತಿತ್ತು.

"ನಾ ಅಲ್ರೀ ಮೇಡಂ," ಎಂದ ಯಮನೂರ.

"ಕೈ ನೋಡಿದ್ರೆ ಗೊತ್ತಾಗಲ್ವಾ ಗುರು?" ಕೃಷ್ಣಮ್ಮನ ಮಗ ನಂದೀಶ್ ನಕ್ಕ.

"ನಿಮ್ಮ ಕೈಗೇನಾಯ್ತು?" ವನಜಾ ನಂದೀಶನತ್ತ ತಿರುಗಿದರು.

"ಬೆಳಗ್ಗೆ ಗಾಡಿ ಸ್ಕಿಡ್ ಆಯ್ತು ಮೇಡಂ. ಕ್ಲಿನಿಕ್ಕಲ್ಲಿ ಔಷಧಿ ಹಚ್ಚಿದ್ರು."

ತರಚಿದ ಅಂಗೈಯಿಂದ ಬೆರಳ ತುದಿಯವರೆಗೆ ಔಷಧಿ ಹರಿದಿತ್ತು. ಅದರ ಬಣ್ಣ ಕಂದು.

"ಅಮ್ಮಾ, ಒಂದು ನಿಂಬೆಹಣ್ಣು ಕೊಡಿ."

"ದೃಷ್ಟಿ ತೆಗೀತೀರೇನಮ್ಮ?" ಎಂದರು ಕೃಷ್ಣಮ್ಮ.

"ಹೂಂ, ಕಳ್ಳಂದು."

ವನಜಾ ಒಂದೇ ಒಂದು ಬೆರಳ ಗುರುತಿಗೆ ರಸ ಹಿಂಡಿದರು. ನೀಲಿ ತೆಳುವಾಯಿತು, ಬೆಳಗಿನ ಕನಸಿನಂತೆ ಕರಗಿತು. ಉಳಿದ ರಸ ಯಮನೂರನ ಅಂಗೈಗೆ. ಅಲ್ಲಿನ ಬಣ್ಣ ಅಲುಗಲಿಲ್ಲ.

"ಮಿಕ್ಕ ನಾಲ್ಕು ಬೆರಳು ಸಾಕ್ಷಿಗಿರಲಿ. ಇದು ಪೇಂಟ್ ಅಲ್ಲ. ಗಾಯ ಕೀವಾಗದಿರಲಿ ಅಂತ ಹಚ್ಚೋ ಔಷಧೀಲಿ ಅಯೋಡಿನ್ ಇರುತ್ತೆ. ಮೈಮೇಲೆ ಕಂದು. ಅನ್ನದ ಗಂಜಿ ತಾಗಿದ್ರೆ ಕಡು ನೀಲಿ. ನಿಂಬೆರಸ ಬಿದ್ರೆ ಆ ನೀಲಿ ಮಾಯ. ಒದ್ದೆ ಸೀರೆ ಸರಿಸಿದ ಕೈಯಲ್ಲಿ ಔಷಧಿ ಇನ್ನೂ ಹಸಿಯಾಗಿತ್ತು. ಈ ವಠಾರದಲ್ಲಿ ಇವತ್ತು ಇನ್ಯಾರಿಗೆ ಗಾಯ ಆಗಿದೆ, ನಂದೀಶ್?"

ಬೋರಮಾಳ ಅವನ ಸ್ಕೂಟರಿನ ಸೀಟಿನಡಿ ಸಿಕ್ಕಿತು.

"ಎದುರು ಕೋಣೆಯವನಲ್ವಾ, ಅನುಮಾನ ಅವನ ಮೇಲೆ ಬಂದ್ರೆ ಮದುವೆ ಮುರಿಯುತ್ತೆ ಅಂತ..." ನಂದೀಶ್ ತೊದಲಿದ. "ನನ್ನ ಮದ್ವೆ ಆಗ್ತೀಯಾ ಅಂತ ನಾನು ಕೇಳ್ದಾಗ ಇವ್ಳು ನಕ್ಬಿಟ್ಲು."

"ಅದ್ಕೆ ಇಂಗಾ ಮಾಡೋದು?" ಕೃಷ್ಣಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡರು.

*

"ನಾನೂ ಒಂದ್ ಗಳಿಗಿ ನಂಬಿಬಿಟ್ಟಿದ್ದೆ," ಎಂದಳು ಮಹಾದೇವಿ.

"ಈ ಕೈ ನೋಡಿ ನಾನೂ ನಂಬಾಂವ ಇದ್ದೆ ಬಿಡು." ಯಮನೂರನ ಅಂಗೈಯಲ್ಲಿ ಇನ್ನೂ ನಿಂಬೆಯ ಘಮವಿತ್ತು.

ಅವಳು ತಲೆದಿಂಬು ಎತ್ತಿದಳು. ಬೀದಿ ಕೊನೆಯ ಕೆಂಪು ಅಂಚೆ ಡಬ್ಬಿಯವರೆಗೆ ಇಬ್ಬರೂ ನಡೆದರು. ಕಾಗದ ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಅವಳು ಕೈ ಹೊರತೆಗೆಯಲಿಲ್ಲ.