ಅಳತೆಗೆ ಕೊಟ್ಟ ಹಳೇ ರವಿಕೆ

"ಒಳಗೆ ಬರಬೇಡಿ... ದಯವಿಟ್ಟು!"

ಕೋಣೆಯ ಬಾಗಿಲ ಹಿಂದಿನಿಂದ ಬಂದ ದನಿಗೆ ಮಹದೇವು ಹೊಸ್ತಿಲಾಚೆಯೇ ನಿಂತ. ಕೈಯಲ್ಲಿ ಮದುವೆ ರವಿಕೆಯ ಪೊಟ್ಟಣ. ನಜರ್‌ಬಾದಿನಲ್ಲಿ ಅವನದೇ ಟೈಲರ್ ಅಂಗಡಿ. ಧಾರೆಗೆ ಉಡುವ ಸೀರೆಯ ರವಿಕೆಯನ್ನು ತಾನೇ ಹೊಲಿಯುತ್ತೇನೆಂದು ಹಟ ಹಿಡಿದವನೂ ಮದುಮಗನಾದ ಅವನೇ.

ಬಾಗಿಲ ಹಿಂದೆ ಮದುಮಗಳು ಪ್ರೇಮಲೀಲಾ ಕದಕ್ಕೆ ಒತ್ತಿಕೊಂಡು ನಿಂತಿದ್ದಳು. 'ಅಯ್ಯೋ, ಈ ಮುಖ ಹೊತ್ತು ಹೇಗೆ ಎದುರಿಗೆ ನಿಲ್ಲಲಿ?'

ಅರವತ್ತೈದನೇ ಇಸವಿಯ ಮಾತು. ನಿಶ್ಚಿತಾರ್ಥದ ದಿನ ಅವಳು ಸಣಕಲು ಹುಡುಗಿ. ಆಮೇಲೆ ಮೂತ್ರಪಿಂಡದ ಕಾಯಿಲೆ ಬಂತು. ಡಾಕ್ಟರು ಕೊಟ್ಟ ಸ್ಟಿರಾಯ್ಡ್ ಮಾತ್ರೆ ಜೀವ ಉಳಿಸಿತು, ಮೈಯನ್ನು ಮಾತ್ರ ಬೇರೆಯವರದು ಮಾಡಿಬಿಟ್ಟಿತು! ಕೆನ್ನೆ ಉಬ್ಬಿ ಮುಖ ದುಂಡಗಾಯಿತು. ಹೊಟ್ಟೆ, ಬೆನ್ನು ದಪ್ಪ. ಕೈಕಾಲು ಕಡ್ಡಿ. ಲಕ್ಷ್ಮೀಪುರಂನ ಬೀದಿ ನಲ್ಲಿಯ ಹತ್ತಿರ ಹೆಂಗಸರು ಅವಳ ಹೊಟ್ಟೆ ನೋಡಿ ಗುಸುಗುಸು ಮಾತಾಡಿದ ದಿನದಿಂದ ಅವಳು ಹೊರಗೆ ಕಾಲಿಟ್ಟದ್ದು ಆಸ್ಪತ್ರೆಗೆ ಮಾತ್ರ.

ಗಂಡಿನ ಮನೆಯವರು ಅಳತೆ ರವಿಕೆ ಕೇಳಿದಾಗ, ನಾಚಿಕೆಯಿಂದ ಕಾಯಿಲೆಗೆ ಮುಂಚಿನ ಹಳೇ ರವಿಕೆಯನ್ನೇ ಕಳಿಸಿದ್ದಳು. ನಿಲ್ಲಿಸಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದರೂ, ಮದುವೆಯೊಳಗೆ ಮೈ ಇಳಿಸಬೇಕೆಂದು ನಿನ್ನೆಯಿಂದ ಕದ್ದು ಮಾತ್ರೆಯನ್ನೂ ಬಿಟ್ಟಿದ್ದಳು, ಪೆದ್ದಿ!

ಸಾಲದ್ದಕ್ಕೆ ಹೋದ ವಾರ ಆಸ್ಪತ್ರೆಯ ಮುಂದೆ ಮಹದೇವು ಅವಳನ್ನು ನೋಡಿ, ಮರುಕ್ಷಣವೇ ಮುಖ ತಿರುಗಿಸಿ ಹೊರಟುಹೋಗಿದ್ದ.

'ಮದುವೆ ಬೇಡ ಅನ್ನೋಕೇ ಬಂದಿದ್ದಾರೆ...'

ತಾಯಿ ಚೆಲುವಮ್ಮ ಪೊಟ್ಟಣ ಇಸಿದುಕೊಂಡು ಒಳಗೆ ಕೊಟ್ಟರು. "ಹಾಕ್ಕೊಂಡು ನೋಡ್ಬುಡು ಕಣಮ್ಮ," ಎಂದು ಅಡುಗೆಮನೆಗೆ ಹೋದರು.

ಹೇಗೂ ಹಿಡಿಯುವುದಿಲ್ಲವೆಂದು ಅಳುತ್ತಲೇ ತೊಟ್ಟಳು. ಆದರೆ... ಗುಂಡಿಗಳು ಸಲೀಸಾಗಿ ಕೂತವು! ಬೆನ್ನು ಅಗಲ, ತೋಳು ಸಣ್ಣ. ಈಗಿನ ಅವಳ ಮೈಗೇ ಹೊಲಿದದ್ದು.

ಅಂದರೆ ಅವರು ಎಲ್ಲವನ್ನೂ ನೋಡಿದ್ದಾರೆ! ಅವಮಾನಕ್ಕೆ ಕಿವಿಯವರೆಗೂ ಬಿಸಿಯೇರಿತು. ಸೆರಗು ಹೊದ್ದು ಮತ್ತೆ ಬಾಗಿಲ ಹಿಂದೆ ನಿಂತಳು.

"ನಾನು ಕಳಿಸಿದ ಅಳತೆ ಸುಳ್ಳು ಅಂತ..."

"ಗೊತ್ತಿತ್ತು ಕಣ್ರೀ. ಅವತ್ತು ಆಸ್ಪತ್ರೆ ಮುಂದೆ ನೋಡಿದ್ನಲ್ಲ, ಟೈಲರ್ ಕಣ್ಣಿಗೆ ಅಷ್ಟೇ ಸಾಕು."

"ನೋಡಿ ಮುಖ ತಿರುಗಿಸ್ಕೊಂಡ್ರಿ!"

"ನೀವು ಸೆರಗಲ್ಲಿ ಮುಖ ಮುಚ್ಕೊಂಡ್ರಿ. ನಾನು ನೋಡೋದು ನಿಮಗೆ ಕಷ್ಟ ಆಯ್ತು ಅಂತ ಹೊರಟ್ಬುಟ್ಟೆ."

ಅವಳಿಗೆ ಅಳು ತಡೆಯಲಾಗಲಿಲ್ಲ. "ಸಣ್ಣ ಆಗ್ಲಿ ಅಂತ... ಮಾತ್ರೆ ನಿಲ್ಲಿಸ್ಬುಟ್ಟಿದೀನಿ."

"ಏನಂದ್ರಿ?" ಅವನು ಬಾಗಿಲಿಗೆ ಇನ್ನೂ ಹತ್ತಿರ ಬಂದ. "ರವಿಕೆ ಒಳಗೆ ಹೊಲಿಗೆ ಪಕ್ಕ ನೋಡಿ, ಬಟ್ಟೆ ಜಾಸ್ತಿ ಬಿಟ್ಟಿದೀನಿ. ದಪ್ಪ ಆದ್ರೆ ಬಿಚ್ಚಿ ಕೊಡ್ತೀನಿ, ಸಣ್ಣ ಆದ್ರೆ ಹಿಡಿದು ಹೊಲೀತೀನಿ. ಆದ್ರೆ ನೀವೇ ಇಲ್ದೆ ಹೋದ್ರೆ... ನಾನು ಯಾರಿಗ್ರೀ ಹೊಲೀಲಿ?"

ಅವಳು ರವಿಕೆಯ ಅಂಚು ತಿರುವಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಅಮ್ಮಾ, ಒಂದು ಲೋಟ ನೀರು ಕೊಡು. ಮಾತ್ರೆ ನುಂಗ್ಬೇಕು."

ಬಾಗಿಲು ತೆರೆಯಿತು. ಊದಿದ ಕೆನ್ನೆಯ ಮೇಲೆ ಕಣ್ಣೀರು. ಕೈ ಸೆರಗಿನತ್ತ ಹೋಯಿತು, ಆದರೆ ಅವಳು ಮುಖ ಮುಚ್ಚಿಕೊಳ್ಳಲಿಲ್ಲ. ಅವನೂ ಈ ಸಲ ಕಣ್ಣು ಕೀಳಲಿಲ್ಲ.

"ಹಿಂಗೆ ನೋಡ್ಬೇಡಿ... ನಾಚಿಕೆ ಆಗುತ್ತೆ."

"ಅವತ್ತು ಸೆರಗು ಅಡ್ಡ ಇತ್ತು. ಇವತ್ತಾದ್ರೂ ನೋಡೋಕೆ ಬಿಡ್ರೀ."