ಕಂಪ್ಯೂಟರಿನ ಹಣೆ

“ಬಂತು, ಬಂತು... ಹೋಯ್ತು!”

ಬೆಳಗ್ಗೆಯಿಂದ ಕವನಾ ಇದನ್ನೇ ಕೂಗಿ ಕೂಗಿ, ಎದುರುಮನೆಯ ಪಾಪು ‘ಅಮ್ಮ’ ಅನ್ನುವುದಕ್ಕೂ ಮೊದಲು ‘ಹೋಯ್ತು’ ಅನ್ನುವುದನ್ನು ಕಲಿತುಬಿಟ್ಟಿತ್ತು.

ಅಮ್ಮ ಲತಾ ಗೋಡೆಯ ಸ್ವಿಚ್ಚು ಹಾಕಿದರೆ ಸಾಕು, ಮೇಜಿನ ಪಕ್ಕ ನಿಂತಿದ್ದ ಕಂಪ್ಯೂಟರ್ ಡಬ್ಬ ಬುರ್ ಎಂದು ಎದ್ದುಕೊಳ್ಳುತ್ತಿತ್ತು. ಪರದೆಯ ಮೇಲೆ ಕಂಪನಿಯ ಹೆಸರು ಮೂಡುತ್ತಿತ್ತು. ಅದನ್ನು ಪೂರ್ತಿ ಓದುವಷ್ಟರಲ್ಲಿ ಟಪ್! ಎಲ್ಲ ಕತ್ತಲೆ.

“ಇನ್ನೊಂದ್ಸಲ ಹಾಕಮ್ಮ,” ಅಂದಳು ಕವನಾ.

“ಇದೇನು ಜಾತ್ರೆ ತೊಟ್ಟಿಲಾ, ಇನ್ನೊಂದ್ಸಲ ಅನ್ನೋಕೆ? ಸುಮ್ನಿರೇ!”

ಅದು ಹೊಸ ಕಂಪ್ಯೂಟರೇನಲ್ಲ. ಕವನಾಗಿಂತ ವಯಸ್ಸಿನಲ್ಲಿ ದೊಡ್ಡದು. ಚೆನ್ನಾಗಿದ್ದ ಕಾಲದಲ್ಲೂ ಅದು ಪೂರ್ತಿ ಆನ್ ಆಗುವಷ್ಟರಲ್ಲಿ ಲಗ್ಗೆರೆ ಮೇನ್ ರೋಡಿಗೆ ಹೋಗಿ, ಕೊತ್ತಂಬರಿಗೆ ಚೌಕಾಸಿ ಮಾಡಿ, ಜಗಳ ಆಡಿ, ರಾಜಿಯಾಗಿ ವಾಪಸ್ ಬರಬಹುದಿತ್ತು. ಆದರೂ ಅಮ್ಮನ ಕೆಲಸವೆಲ್ಲ ಅದರಲ್ಲೇ. ಮದುವೆ, ನಾಮಕರಣ, ಗೃಹಪ್ರವೇಶದ ಕಾರ್ಡುಗಳನ್ನು ಅಮ್ಮ ಮನೆಯಲ್ಲೇ ಕೂತು ಡಿಸೈನ್ ಮಾಡುತ್ತಿದ್ದಳು. ಹೊಸಹಳ್ಳಿಯಲ್ಲಿ ಪ್ರೆಸ್ ಇಟ್ಟುಕೊಂಡಿದ್ದ ವೆಂಕಟರಮಣಪ್ಪ ಅವನ್ನು ಪ್ರಿಂಟ್ ಮಾಡುತ್ತಿದ್ದರು.

ಈಗ ನಂದಿನಿ ಲೇಔಟಿನ ಒಂದು ಮದುವೆಯ ಕಾರ್ಡು ಆ ಡಬ್ಬದೊಳಗೆ ಸಿಕ್ಕಿಹಾಕಿಕೊಂಡಿತ್ತು. ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗದಿದ್ದರೆ ಆ ಕೆಲಸ ಬೇರೆಯವರ ಪಾಲು.

ಅಮ್ಮನ ಫೋನು ರಿಂಗಾಯಿತು. ವೆಂಕಟರಮಣಪ್ಪನವರ ಗಂಟಲು ಎಂಥದ್ದೆಂದರೆ, ಅವರು ಮಾತಾಡುವಾಗ ಫೋನು ಬರೀ ನೆಪಕ್ಕೆ. ಹೊಸಹಳ್ಳಿಯಿಂದ ನೇರವಾಗಿಯೇ ಕೇಳಿಸುತ್ತದೆ.

“ಏನ್ ಲತಮ್ಮಾ, ಫೈಲ್ ಎಲ್ಲಿ? ಹುಡುಗಿ ಕಡೆಯೋರು ಇಲ್ಲೇ ಬಂದು ಕೂತವ್ರೆ! ಎರಡು ಸಲ ಟೀ ಕುಡಿದ್ರು!”

“ಕಳಿಸ್ತೀನಿ ಸಾರ್. ಕಂಪ್ಯೂಟರ್ ಸ್ವಲ್ಪ... ಈಗ ಕಳಿಸ್ತೀನಿ ಸಾರ್.”

ಫೋನಿಟ್ಟ ಅಮ್ಮ ಅಡುಗೆಮನೆಯ ಬಾಗಿಲ ಕಡೆ ನೋಡಿದಳು. ಅಲ್ಲಿ ಪಾಪಮ್ಮಜ್ಜಿ ಕಾಲು ಚಾಚಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

“ಅತ್ತೆ, ಹಬ್ಬದ ದಿನ ಇದಕ್ಕೆ ನೀರು ಏನಾದ್ರೂ ಚಿಮುಕಿಸಿದ್ರಾ?”

“ಇಲ್ಲಮ್ಮ.”

“ತೆಂಗಿನಕಾಯಿ ಒಡೆದಾಗ ಏನಾದ್ರೂ ಹಾರಿತಾ?”

“ಕಾಯಿ ಒಡೆದಿದ್ದು ಸ್ಕೂಟರ್ ಮುಂದೆ, ಬೀದೀಲಿ. ಅಲ್ಲಿಂದ ಇಲ್ಲಿಗೆ ಹಾರೋಕೆ ಅದೇನು ಕಪ್ಪೇನಾ?”

ಆಯುಧಪೂಜೆ ಅಂದರೆ ಪಾಪಮ್ಮಜ್ಜಿಗೆ ಎಲ್ಲಿಲ್ಲದ ಉತ್ಸಾಹ. ಮಿಕ್ಸಿ, ಫ್ರಿಜ್ಜು, ಈಳಿಗೆಮಣೆ, ಅಪ್ಪನ ಸ್ಪ್ಯಾನರು, ಸೈಕಲ್ ಪಂಪು, ನಲ್ಲಿ, ಕೊನೆಗೆ ಟಿವಿ ರಿಮೋಟಿಗೂ ಗಂಧ ಕುಂಕುಮ. ಹಬ್ಬ ಮುಗಿದ ಮೇಲೆ ಆ ಮನೆಯಲ್ಲಿ ಬೊಟ್ಟಿಲ್ಲದೆ ಉಳಿದದ್ದು ಗೋಡೆಯ ಮೇಲಿನ ಹಲ್ಲಿ ಒಂದೇ. ಅದೂ ಓಡಿಹೋಗಿದ್ದಕ್ಕೆ.

ಪೂಜೆ ಮಾಡಿದ ಮೇಲೆ ವಿಜಯದಶಮಿ ಮುಗಿಯುವವರೆಗೆ ಆಯುಧಗಳನ್ನು ಮುಟ್ಟುವಂತಿಲ್ಲ. ಅವಕ್ಕೂ ರೆಸ್ಟ್ ಬೇಕು ಅನ್ನುವುದು ಅಜ್ಜಿಯ ಕಾನೂನು. ಅಮ್ಮ ಮದುವೆ ಕಾರ್ಡು ಮುಗಿಸಿ, ಕಂಪ್ಯೂಟರ್ ಆಫ್ ಮಾಡಿ, ಪಾಯಸಕ್ಕೆ ಶ್ಯಾವಿಗೆ ಹುರಿಯಲು ಎದ್ದಿದ್ದಳು. ಆಮೇಲೆ ಪೆನ್‌ಡ್ರೈವಿಗೆ ಹಾಕಿಕೊಳ್ಳೋಣವೆಂದು ಬರುವಷ್ಟರಲ್ಲಿ ಕಂಪ್ಯೂಟರ್ ಸೇವಂತಿಗೆ ಹಾರ ಹಾಕಿಕೊಂಡು ಕೂತಿತ್ತು.

“ಆವತ್ತೇ ಒಂದ್ನಿಮಿಷ ಬಿಟ್ಟಿದ್ರೆ ಕಾಪಿ ಮಾಡ್ಕೊಂಡಿರ್ತಿದ್ದೆ,” ಅಂದಳು ಅಮ್ಮ. ದನಿ ದೊಡ್ಡದು ಮಾಡಲಿಲ್ಲ. ಅದೇ ಜಾಸ್ತಿ ಚುಚ್ಚುವಂತಿತ್ತು. “ಮಿಕ್ಸಿಗೆ ಬೇಕಾದ್ದು ಮಾಡಿ ಅತ್ತೆ. ಆದ್ರೆ ಇದು ನನ್ನ ಕೆಲಸದ್ದು. ಇನ್ಮೇಲೆ ಇದನ್ನ ಮುಟ್ಟಬೇಡಿ.”

ಪಾಪಮ್ಮಜ್ಜಿ ಜಗಳಕ್ಕೆ ಹೆದರುವವಳಲ್ಲ. ಒಮ್ಮೆ ಬಸ್ ಕಂಡಕ್ಟರ್ ಜೊತೆ ವಾದಕ್ಕೆ ನಿಂತು, ಇಳಿಯುವ ಸ್ಟಾಪು ಬಿಟ್ಟು, ಡಿಪೋವರೆಗೂ ಹೋಗಿ ವಾದ ಮುಗಿಸಿ ಬಂದಿದ್ದಳು. ಆದರೆ ಈಗ ಕವನಾ ಕಡೆ ಒಂದು ಸಲ ನೋಡಿದಳು. ಮತ್ತೆ ಸೊಪ್ಪು ಬಿಡಿಸತೊಡಗಿದಳು.

ಅಷ್ಟರಲ್ಲಿ ಮಹಡಿ ಮನೆಯ ದರ್ಶನ್ ಬಂದ. ಇಂಜಿನಿಯರಿಂಗ್ ಓದುವವನು. ಸ್ಕ್ರೂ ಡ್ರೈವರನ್ನು ಪೆನ್ನಿನ ಹಾಗೆ ಕಿವಿಗೆ ಸಿಕ್ಕಿಸಿಕೊಂಡಿದ್ದ.

“ಆಂಟಿ, ಟೆನ್ಷನ್ ಬೇಡ. ರ‍್ಯಾಮ್ ಪ್ರಾಬ್ಲಮ್ ಇರುತ್ತೆ. ಕವನಾ, ರಬ್ಬರ್ ಕೊಡೇ.”

“ಪೆನ್ಸಿಲ್ ರಬ್ಬರಾ? ಯಾಕಣ್ಣ?”

“ಅಳಿಸೋಕೆ.”

“ಕಂಪ್ಯೂಟರ್ ಒಳಗೆ ತಪ್ಪು ಬರ್ದಿದಾರಾ?”

“ಮಾತು ಕಡಿಮೆ ಮಾಡು ಮಾರಾಯ್ತಿ. ಕೊಳೆ ಉಜ್ಜೋಕೆ.”

ಡಬ್ಬದ ಒಂದು ಪಕ್ಕದ ತಗಡು ತೆಗೆದಾಗ ಒಳಗಿನಿಂದ ಹೊರಬಂದ ಧೂಳಿನಲ್ಲಿ ಒಂದು ಸಣ್ಣ ಸೈಟು ಮಾಡಿ ಮನೆ ಕಟ್ಟಿಸಬಹುದಿತ್ತು. ದರ್ಶನ್ ಸೀನಿದ. ಒಳಗಿಂದ ರ‍್ಯಾಮ್ ಅನ್ನುವ ಉದ್ದನೆ ಪಟ್ಟಿ ಕಿತ್ತು, ಅದರ ಹಳದಿ ಹಲ್ಲುಗಳನ್ನು ಕವನಾಳ ರಬ್ಬರಿನಿಂದ ಉಜ್ಜಿದ. ವಾಪಸ್ ಸಿಕ್ಕಿಸಿದ. ವೈರುಗಳನ್ನು ಅದುಮಿದ. ಗೋಡೆಯ ಸ್ವಿಚ್ಚು ಹಾಕಿದ.

ಬುರ್. ಕಂಪನಿಯ ಹೆಸರು. ಟಪ್.

“ಹೋಯ್ತು!” ಎಂದು ಎದುರುಮನೆಯಿಂದ ಪಾಪು ಕೂಗಿತು.

ದರ್ಶನ್ ತಲೆ ಕೆರೆದುಕೊಂಡ. “ವಿಚಿತ್ರ ಆಂಟಿ. ಹ್ಯಾಂಗ್ ಆದಾಗ ನಾವು ಬಟನ್ ಒತ್ತಿ ಹಂಗೇ ಹಿಡ್ಕೊಂಡು ಆಫ್ ಮಾಡ್ತೀವಲ್ಲ, ಸೇಮ್ ಹಂಗೇ ಆಫ್ ಆಗ್ತಿದೆ. ಆದ್ರೆ ಒತ್ತಿ ಹಿಡಿಯೋರು ಯಾರು?”

“ನಾನಂತೂ ಮುಟ್ಟಿಲ್ಲಪ್ಪ,” ಅಂದಳು ಅಜ್ಜಿ, ಸೊಪ್ಪಿನಿಂದ ತಲೆ ಎತ್ತದೆ.

“ಮದರ್‌ಬೋರ್ಡೇ ಹೋಗಿರ್ಬೇಕು. ಅಂಗಡಿಗೆ ಕೊಟ್ಬಿಡೋಣ. ಇವತ್ತೇ ಸಿಗೋದು ಡೌಟು. ಬೈಕ್ ಕೀ ತರ್ತೀನಿ,” ಎಂದು ದರ್ಶನ್ ಮೆಟ್ಟಿಲು ಹತ್ತಿದ.

ಅಮ್ಮನ ಫೋನು ಮತ್ತೆ ರಿಂಗಾಯಿತು. ಈ ಸಲ ಅಮ್ಮ ಅದನ್ನು ಹಿಡಿದುಕೊಂಡು ಗೇಟಿನ ಹತ್ತಿರ ಹೋದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. “ಸಾರ್... ಇಲ್ಲ ಸಾರ್... ದಯವಿಟ್ಟು ಸಾರ್...”

ಕವನಾ ಡಬ್ಬದ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

ಒತ್ತಿ ಹಿಡಿಯೋರು ಯಾರು? ಅಲ್ಲ, ಬೆಳಗ್ಗೆಯಿಂದ ಯಾರೂ ಬಟನ್ ಒತ್ತೇ ಇಲ್ಲ! ಗೋಡೆಯ ಸ್ವಿಚ್ಚು ಹಾಕಿದ ಕೂಡಲೇ ಅದು ತಾನಾಗಿ ಎದ್ದುಕೊಳ್ಳುತ್ತಿತ್ತು. ಮೊದಲು ಹಾಗಿರಲಿಲ್ಲ. ಬಟನ್ ಒತ್ತುವುದು ಕವನಾಳ ಕೆಲಸವೇ ಆಗಿತ್ತು.

ಅವಳು ಬಟನ್ ನೋಡಿದಳು. ಗುಂಡಗಿನ ಬಟನ್ ಮೇಲೆ ಗುಂಡಗಿನ ಕುಂಕುಮದ ಬೊಟ್ಟು. ಎಲ್ಲರೂ ಅದನ್ನು ನೋಡಿದ್ದರು. ಬೊಟ್ಟಿಲ್ಲದ ವಸ್ತುವೇ ಇಲ್ಲದ ಮನೆಯಲ್ಲಿ ಬೊಟ್ಟು ಯಾರ ಕಣ್ಣಿಗೆ ಬಿದ್ದೀತು? ಕವನಾ ಬೆರಳಿಟ್ಟು ಸವರಿದಳು. ದಿನಾ ಉಬ್ಬಿಕೊಂಡಿರುತ್ತಿದ್ದ ಬಟನ್ ಒಳಗೆ ಹೋಗಿತ್ತು. ಒಳಗೇ ಉಳಿದಿತ್ತು. ಸುತ್ತಲಿನ ಸಂದಿಯಲ್ಲಿ ಅರೆದ ಗಂಧ ಒಣಗಿ ಗಾರೆಯ ಹಾಗೆ ಗಟ್ಟಿಯಾಗಿತ್ತು.

ಕವನಾ ಥಟ್ಟನೆ ಬೆರಳನ್ನು ಹಿಂದಕ್ಕೆಳೆದುಕೊಂಡಳು.

ಹಬ್ಬದ ದಿನ ಅಜ್ಜಿ ಗಂಧದ ಬಟ್ಟಲು ಹಿಡಿದು ಇಲ್ಲೇ ನಿಂತಿದ್ದಳು. “ಸ್ಕೂಟರ್‌ಗೆ ಲೈಟಿನ ಮೇಲೆ ಹಣೆ. ಇದಕ್ಕೆ ಎಲ್ಲಿದೆಯೇ ಹಣೆ?” ಎಂದು ಕೇಳಿದ್ದಳು. ಬಾಯಿ ತುಂಬ ಕಡ್ಲೆಪುರಿ ತುಂಬಿಕೊಂಡಿದ್ದ ಕವನಾ ಮಾತಾಡಲಾಗದೆ ಬೆರಳು ತೋರಿಸಿದ್ದಳು. ಇಲ್ಲಿ. ಅಜ್ಜಿ ಹೆಬ್ಬೆರಳಿನಿಂದ ಭಕ್ತಿಯಿಂದ, ಬಲವಾಗಿ ಒತ್ತಿ ಹಚ್ಚಿದ್ದಳು.

“ಅಜ್ಜಿ,” ಅಂದಳು ಕವನಾ ಮೆಲ್ಲಗೆ. “ಬಾ ಇಲ್ಲಿ.”

“ನಾನ್ಯಾಕೆ ಬರ್ಲಿ? ಮುಟ್ಟಬೇಡ ಅಂದವ್ಳೆ ನಿಮ್ಮಮ್ಮ.”

“ಮುಟ್ಟಬೇಡ, ನೋಡು ಸಾಕು. ಹಣೆ ಒಳಗೆ ಹೋಗ್ಬಿಟ್ಟಿದೆ.”

ಅಜ್ಜಿ ಮಂಡಿ ಹಿಡಿದುಕೊಂಡು ಬಂದು ಬಗ್ಗಿದಳು. ನೋಡಿದಳು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಆ ಪಿನ್ನು ಅದುವರೆಗೆ ಕಾಲಿನ ಮುಳ್ಳು, ಹಲ್ಲಿನ ಸಂದಿ, ಚಪ್ಪಲಿಯ ಬಾರು ಎಲ್ಲವನ್ನೂ ರಿಪೇರಿ ಮಾಡಿತ್ತು. ಕಂಪ್ಯೂಟರ್ ಮಾತ್ರ ಬಾಕಿ ಇತ್ತು.

“ಮೊದ್ಲು ಗೋಡೆ ಸ್ವಿಚ್ಚು ಆರಿಸೇ, ಕರೆಂಟು ಹೊಡೆದೀತು.”

ಕವನಾ ಸ್ವಿಚ್ಚು ಆರಿಸಿ, ವೈರನ್ನೂ ಕಿತ್ತು, ಸಂದಿಯಲ್ಲಿ ಪಿನ್ನಾಡಿಸಿದಳು. ಕೆಂಪು ಪುಡಿ ಉದುರಿತು. ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸುತ್ತ ಉಜ್ಜಿದಳು. ಮತ್ತೆ ಕೆರೆದಳು. ಟಿಕ್ ಎಂದು ಬಟನ್ ಹೊರಗೆ ಹಾರಿತು.

ವೈರು ಸಿಕ್ಕಿಸಿ ಸ್ವಿಚ್ಚು ಹಾಕಿದಳು. ಡಬ್ಬ ಸುಮ್ಮನಿತ್ತು. ಇಷ್ಟು ದಿನವೂ ಹೀಗೇ, ಅವಳು ಒತ್ತಲೆಂದು ಕಾಯುತ್ತಿತ್ತು. ಒಂದು ಬೆರಳಿನಿಂದ ಒತ್ತಿ, ಬಿಟ್ಟಳು.

ಬುರ್. ಕಂಪನಿಯ ಹೆಸರು. ಕವನಾ ಅದನ್ನು ಪೂರ್ತಿ ಓದಿದಳು. ಇನ್ನೊಂದು ಸಲವೂ ಓದಿದಳು. ಆಮೇಲೆ ಪರದೆ ತುಂಬ ನೀಲಿ ಬೆಟ್ಟ.

“ಅಮ್ಮಾ! ಬಂತು! ಬಂತೂ!”

ಅಮ್ಮ ಓಡಿಬಂದಳು. ಏನಾಯಿತೆಂದು ಕೇಳದೆ ಕುರ್ಚಿ ಎಳೆದುಕೊಂಡು, ಮೊದಲು ಪೆನ್‌ಡ್ರೈವು ಹಾಕಿದಳು. ಆಮೇಲೆ ಫೈಲನ್ನು ಪ್ರೆಸ್ಸಿಗೆ ಕಳಿಸಿದಳು. ಕೀ ಹಿಡಿದು ಇಳಿದುಬಂದ ದರ್ಶನ್ ಬಾಗಿಲಲ್ಲೇ ನಿಂತು, “ನಾನು ರಬ್ಬರ್ ಹಾಕಿದ್ದು ಈಗ ಕೆಲಸ ಮಾಡ್ತು ನೋಡಿ ಆಂಟಿ!” ಅಂದ.

ಯಾರೂ ಅಲ್ಲ ಅನ್ನಲಿಲ್ಲ. ಅವನು ಖುಷಿಯಾಗಿ ಹೋದ.

ಅಮ್ಮನ ಕಣ್ಣು ಈಗ ನೆಲದ ಮೇಲಿನ ಕೆಂಪು ಪುಡಿಯ ಮೇಲೆ ಬಿತ್ತು. ಅಲ್ಲಿಂದ ಬಟನ್ ಮೇಲೆ, ಅಲ್ಲಿಂದ ಅಜ್ಜಿಯ ಮೇಲೆ. ಅಮ್ಮ ಏನೋ ಅನ್ನಲು ಬಾಯಿ ತೆರೆದಳು.

“ಹಣೆ ಅದೇ ಅಂತ ತೋರಿಸಿದ್ದು ನಾನಮ್ಮ,” ಅಂದಳು ಕವನಾ. “ಅಜ್ಜಿ ಕೇಳಿದ್ಲು. ನಾನೇ ತೋರಿಸ್ದೆ.”

ಅಮ್ಮ ಅಜ್ಜಿಯ ಕಡೆ ತಿರುಗಿದಳು.

“ಬೆಳಗ್ಗೆಯಿಂದ ಅಷ್ಟು ಅಂದೆನಲ್ಲ. ಯಾಕೆ ಹೇಳ್ಲಿಲ್ಲ ಅತ್ತೆ?”

“ಏನಂತ ಹೇಳ್ಲಿ?” ಅಜ್ಜಿ ಮತ್ತೆ ಸೊಪ್ಪಿನ ಮುಂದೆ ಕೂತಿದ್ದಳು. “ಹಚ್ಚಿದ ಕೈ ನಂದೇ ತಾನೆ?”

ಅಮ್ಮ ಮೌಸನ್ನು ಸುಮ್ಮನೆ ಅತ್ತ ಇತ್ತ ಆಡಿಸಿದಳು. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು.

“ಅತ್ತೆ, ಕಾಫಿ ಮಾಡ್ಲಾ?”

ಅಜ್ಜಿ ಕಾಫಿ ಕುಡಿದಿಟ್ಟ ಲೋಟ ಇನ್ನೂ ಅವಳ ಪಕ್ಕದಲ್ಲೇ ಇತ್ತು. ಅಮ್ಮನಿಗೂ ಅದು ಕಾಣುತ್ತಿತ್ತು. ಅಮ್ಮ ಕೇಳುತ್ತಿರುವುದು ಕಾಫಿಯ ವಿಷಯವಲ್ಲ ಎಂದು ಕವನಾಗೆ ತಿಳಿಯಿತು. ಅಜ್ಜಿ ಏನೆನ್ನುತ್ತಾಳೋ ಎಂದು ಅವಳ ಮುಖವನ್ನೇ ನೋಡಿದಳು.

ಅಜ್ಜಿ ಪಿನ್ನನ್ನು ಮತ್ತೆ ಬಳೆಗೆ ಸಿಕ್ಕಿಸಿಕೊಂಡಳು. ಅದರ ತುದಿಯಲ್ಲಿ ಇನ್ನೂ ಒಂದು ಚೂರು ಕೆಂಪು ಉಳಿದಿತ್ತು.

“ಮಾಡಮ್ಮ,” ಅಂದಳು. “ಬೆಳಗ್ಗೆದು ಬರೀ ನೀರಾಗಿತ್ತು. ಈಗ ಸ್ವಲ್ಪ ಸ್ಟ್ರಾಂಗಾಗಿ ಮಾಡು.”