ಬಣ್ಣ ಇಳಿಸಿದ ಸಂಜೆ

"ನನ್ನ ಗಂಡ ನನ್ನಪ್ಪನ್ನ ಕೊಂದಿದ್ದಾನಾ, ಇಲ್ವಾ? ಅಷ್ಟು ಹೇಳಿ ಸಾಕು, ಅಮ್ಮ," ಎಂದಳು ಬಂದವಳು.

ಪತ್ತೇದಾರಿಕೆಯಲ್ಲೇ ತಲೆ ನರೆಸಿದ ನನ್ನ ದೊಡ್ಡಮ್ಮ ಅವಳಿಗೆ ನೀರು ಕೊಟ್ಟು ಕೂರಿಸಿದರು. ಹಿಂದಿನ ಸಂಜೆ ಅವಳ ತಂದೆ ತಮ್ಮ ಫೋಟೊ ಸ್ಟುಡಿಯೊದಲ್ಲೇ ಕೊಲೆಯಾಗಿದ್ದರು. ಕ್ಯಾಮೆರಾ ಸ್ಟ್ಯಾಂಡಿನಿಂದ ತಲೆಗೆ ಏಟು ಬಿದ್ದಿತ್ತು. ಸ್ಟುಡಿಯೊದ ಪಾಲುದಾರ ಮನೆಗೆ ಹೊರಟ ಮೇಲೆ ಅಲ್ಲಿಗೆ ಹೋದವನು ಅಳಿಯನೊಬ್ಬನೇ. ಹೆಣ ಕಂಡು ಪೊಲೀಸರಿಗೆ ತಿಳಿಸಿದವನೂ ಅವನೇ. ಅವರು ಅವನನ್ನೇ ಹಿಡಿದು ಕೂರಿಸಿದ್ದರು.

ನಾವು ಸ್ಟುಡಿಯೊ ತಲುಪಿದಾಗ ಮೊನ್ನೆಯಿಂದ ಕವಿದ ಮೋಡ ಇನ್ನೂ ಕದಲಿರಲಿಲ್ಲ.

"ನಿನ್ನೆ ಹೊರಡೋಕೆ ಮುಂಚೆ ನಾನೇ ತೆಗೆದ ಫೋಟೊ ಇದು. ಆಗ ಚೆನ್ನಾಗೇ ಇದ್ರು," ಎಂದು ಪಾಲುದಾರ ಕಂಪ್ಯೂಟರ್ ಪರದೆ ತೋರಿಸಿದ. ಕಂಪ್ಯೂಟರಿನಲ್ಲಿ ಫೋಟೊದ ಬಣ್ಣ ಇಳಿಸಿ ಮಂಕು ಕವಿಸುವುದರಲ್ಲಿ ಊರಿಗೇ ಹೆಸರಾದ ಕೈ ಅವನದು. ಮದುವೆಯ ಫೋಟೊವನ್ನೂ ಸಾವಿನ ಮನೆ ಮಾಡಿಬಿಡುತ್ತಾನೆಂದು ಜನ ಆಡಿಕೊಳ್ಳುತ್ತಿದ್ದರು. ಪರದೆಯ ಮೇಲೆ, ಇದೇ ಸ್ಟುಡಿಯೊದ ಕಿಟಕಿಯ ಬಳಿ ಸತ್ತುಹೋದ ಮುದುಕರು ನಿಂತಿದ್ದರು. ಗೋಡೆ ಬೂದಿ, ಆಕಾಶ ಬೂದಿ, ಮುಖದಲ್ಲಷ್ಟೇ ಚೂರು ಕೆಂಪು. ಬಿಳಿ ಅಂಗಿಯ ಮೇಲೆ ಕಿಟಕಿ ಸರಳುಗಳ ನೆರಳು ಗೆರೆ ಎಳೆದಂತೆ ಬಿದ್ದಿತ್ತು.

ದೊಡ್ಡಮ್ಮ ಬಹಳ ಹೊತ್ತು ನೋಡಿ, "ಎಲ್ಲರನ್ನೂ ಇಲ್ಲಿಗೇ ಕರೆಸಿ," ಎಂದು ಇನ್‌ಸ್ಪೆಕ್ಟರಿಗೆ ಹೇಳಿದರು.

ಮಗಳು ಒಂದು ಮೂಲೆಯಲ್ಲಿ, ಕೋಳ ತೊಟ್ಟ ಅಳಿಯ ಇನ್ನೊಂದು ಮೂಲೆಯಲ್ಲಿ ನಿಂತರು.

"ಈ ಫೋಟೊ ನಿನ್ನೆ ತೆಗೆದಿದ್ದೇನಾ?" ದೊಡ್ಡಮ್ಮ ಪಾಲುದಾರನನ್ನು ಕೇಳಿದರು.

"ಹೌದು. ದಿನಾಂಕ ಇದೆ, ಮೋಡಾನೂ ಕಾಣ್ತಿದೆಯಲ್ಲ."

"ದಿನಾಂಕ ತಿದ್ದೋದು ನಿನಗೆ ಹೇಳಿಕೊಡ್ಬೇಕಾ? ಮೋಡಾನೂ ನೀನೇ ತಂದಿದ್ದು. ಹಳದಿ ಇಳಿಸ್ದೆ, ನೀಲಿ ಇಳಿಸ್ದೆ, ಬಿಸಿಲೆಲ್ಲಾ ಬೂದಿಯಾಯ್ತು. ಆದ್ರೆ ಬಣ್ಣ ಇಳಿಸಿದ್ರೆ ನೆರಳಿನ ಅಂಚು ಕರಗುತ್ತಾ? ಮೋಡ ಕವಿದ ದಿನ ಸರಳಿನ ನೆರಳು ಇಷ್ಟು ಚೂಪಾಗಿ ಬೀಳಲ್ಲಪ್ಪ."

"ಫ್ಲ್ಯಾಶ್ ಹಾಕಿದ್ದೆ!"

"ರೂಮೊಳಗಿನ ಫ್ಲ್ಯಾಶು ಕಿಟಕಿ ನೆರಳನ್ನ ಒಳಗೆ ಬೀಳಿಸಲ್ಲ. ಹೊರಗಿಂದ ಅಂತೀಯಾ? ಇದು ಮೂರನೇ ಮಹಡಿ. ಗಾಳೀಲಿ ನಿಂತು ಯಾರು ಹಿಡ್ಕೊಂಡಿದ್ರು?"

ಇನ್‌ಸ್ಪೆಕ್ಟರ್ ಕಂಪ್ಯೂಟರನ್ನು ಜಾಲಾಡಿಸಿದಾಗ ಮೂಲ ಫೋಟೊ ಸಿಕ್ಕಿತು. ಹಿಂದೆಂದೋ ತೆಗೆದದ್ದು. ಅಂಗಿಯ ತುಂಬಾ ಹೊಂಬಿಸಿಲು. ಪಾಲುದಾರ ಹೊರಟಾಗ ಮುದುಕರು ಬದುಕಿದ್ದರು ಎನ್ನಲು ಇದ್ದ ಒಂದೇ ಸಾಕ್ಷಿ ಸುಳ್ಳಾಯಿತು.

ಪಾಲುದಾರ ಪರದೆಗೆ ಬೆನ್ನು ತಿರುಗಿಸಿದ. "ಸ್ಟುಡಿಯೊ ಅಳಿಯನಿಗೆ ಕೊಡ್ತೀನಿ ಅಂದ್ರು. ಇಷ್ಟು ವರ್ಷ ಮೈಮುರಿದು ದುಡಿದ ನಾನು ಎಲ್ಲಿಗೆ ಹೋಗ್ಬೇಕಿತ್ತು? ತಲೆ ಕೆಟ್ಟೋಯ್ತು."

ಅಳಿಯನ ಕೋಳ ಕಳಚಿದರು. ಅವನು ಮಣಿಕಟ್ಟು ಉಜ್ಜಿಕೊಳ್ಳುತ್ತಾ ಹೆಂಡತಿಯ ಮುಂದೆ ಬಂದು ನಿಂತ.

"ಠಾಣೆಗೆ ಬರಲೇ ಇಲ್ವಲ್ಲ. ನೀನೂ ಹಾಗೇ ಅಂದ್ಕೊಂಡ್ಯಾ?"

ಅವಳು ತಲೆ ಎತ್ತಲಿಲ್ಲ. ಅವನು ಒಬ್ಬನೇ ಮೆಟ್ಟಿಲಿಳಿದ. ನನಗೆ ಅವಳ ಮುಖ ನೋಡಲಾಗಲಿಲ್ಲ.

ದೊಡ್ಡಮ್ಮ ಅವಳ ರಟ್ಟೆ ಹಿಡಿದು ಬಾಗಿಲವರೆಗೆ ಕರೆತಂದರು. "ಹೋಗಮ್ಮ, ಬೇಗ ಹೋಗು. ಅವನು ಕೇಳಿದ್ದಕ್ಕೆ ಉತ್ತರ ನಾನು ಹುಡುಕಿ ಕೊಡೋಕಾಗಲ್ಲ."